ಶಾಲೆಯ ನೀರಿನ ಪರೀಕ್ಷೆ: ಬಂಡೆಯ ಫ್ಲೋರೈಡ್, ನಲ್ಲಿಯ ಸೀಸ

ಶಾಲೆಯಲ್ಲಿ ಮಕ್ಕಳು ಕುಡಿಯುವ ನೀರಿನಲ್ಲಿ ಆರೋಗ್ಯಕ್ಕೆ ಹಾನಿ ಮಾಡುವ ವಸ್ತುಗಳು ಎಷ್ಟಿವೆ ಎಂಬುದನ್ನು ಗೊತ್ತುಪಡಿಸಿದ ವಿಧಾನದಿಂದ ಅಳೆದು, ಬಂದ ಅಂಕಿಯನ್ನು ಮಾನಕದೊಂದಿಗೆ ಹೋಲಿಸಿ ನೋಡುವ ಕ್ರಮವೇ ಶಾಲಾ ಕುಡಿಯುವ ನೀರಿನ ಪರೀಕ್ಷೆ. ಈ ಹಾನಿಕಾರಕಗಳಲ್ಲಿ ಮೂರು ಬಗೆಗಳಿವೆ. ರೋಗಾಣುಗಳು ಹೊಲಸಿನಿಂದ ಬರುತ್ತವೆ, ಫ್ಲೋರೈಡಿನಂಥ ಲವಣಗಳು ಭೂಮಿಯೊಳಗಿನ ಬಂಡೆಯಿಂದ ಕರಗಿ ಬರುತ್ತವೆ, ಸೀಸದಂಥ ಲೋಹಗಳು ಕೊಳವೆ ಮತ್ತು ನಲ್ಲಿಗಳಿಂದ ಸೇರುತ್ತವೆ. ಫ್ಲೋರೈಡಿಗೂ ಸೀಸಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ತಿಳಿನೀರು ಒಳ್ಳೆಯ ನೀರು ಎಂಬ ನಂಬಿಕೆ ಇವೆರಡರ ಮಟ್ಟಿಗೆ ಕೆಲಸಕ್ಕೆ ಬಾರದು.

ಅಮೆರಿಕದಲ್ಲಿ ಶಾಲೆಯ ನೀರಿನ ಪರೀಕ್ಷೆ ಎಂದೊಡನೆ ನೆನಪಾಗುವುದು ಸೀಸ. 2014ರಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ನಗರವು ನೀರಿನ ಮೂಲವನ್ನು ಬದಲಿಸಿ, ಕೊಳವೆ ಸವೆಯದಂತೆ ಮಾಡಬೇಕಿದ್ದ ಸಂಸ್ಕರಣೆಯನ್ನು ಕೈಬಿಟ್ಟಿತು. ಹಳೆಯ ಸೀಸದ ಕೊಳವೆಗಳ ಲೋಹ ಮನೆಮನೆಯ ನಲ್ಲಿಗೆ ಬಂದಿತು. ಆದರೆ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮೊದಲ ಚಿಂತೆ ಫ್ಲೋರೈಡಿನದು. ಕೂಡ್ಲಿಗಿ ತಾಲ್ಲೂಕಿನ ಹೋಬಳಿ ಕೇಂದ್ರ ಹೊಸಹಳ್ಳಿಯ, ಅಂದರೆ ಜನ ಕರೆಯುವ ಕಾನಹೊಸಹಳ್ಳಿಯ ಸುತ್ತಮುತ್ತ ಯಾವುದೇ ಶಾಲೆಯಲ್ಲಿ ನೀರಿನ ಪರೀಕ್ಷೆ ಮಾಡಿಸಿದರೂ ವರದಿಯಲ್ಲಿ ಮೊದಲು ಕಣ್ಣು ಹಾಯಿಸಬೇಕಾದ ಸಾಲು ಅದೇ. ಹಾಗೆಂದು ಸೀಸವನ್ನು ಬಿಟ್ಟುಬಿಡುವಂತಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ವಿಷ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಬಾಟಲಿಯನ್ನು ಎಲ್ಲಿ, ಯಾವಾಗ, ಹೇಗೆ ತುಂಬಬೇಕು ಎಂಬುದು ತೀರ್ಮಾನವಾಗುತ್ತದೆ. ಬಾಟಲಿ ತುಂಬುವುದರಲ್ಲಿ ತಪ್ಪಿದರೆ ಎಷ್ಟು ದುಬಾರಿ ಯಂತ್ರವೂ ಸರಿಯಾದ ಉತ್ತರ ಕೊಡಲಾರದು.

ಬಂಡೆಯಿಂದ ನೀರಿಗೆ

ರಾಮನಗರದಿಂದ ಉತ್ತರಕ್ಕೆ ಹೊರಟು ಪಾವಗಡ, ಕೂಡ್ಲಿಗಿ, ಹಂಪಿಗಳ ಮೂಲಕ ಸಾಗುವ ಗ್ರಾನೈಟ್ ಪಟ್ಟಿಯೊಂದು ಕರ್ನಾಟಕದ ನಡುವೆ ಹಾದುಹೋಗುತ್ತದೆ. ರಾಮನಗರಕ್ಕಿದ್ದ ಹಿಂದಿನ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಗುಡೇಕೋಟೆಯ ಕರಡಿಧಾಮದ ಬಂಡೆಗುಡ್ಡಗಳನ್ನು ಕಂಡವರಿಗೆ ಈ ಶಿಲೆಯ ಪರಿಚಯ ಬೇರೆ ಬೇಕಿಲ್ಲ. ಈ ಗ್ರಾನೈಟಿನಲ್ಲಿಯೂ ಅದರ ಸುತ್ತಣ ನೈಸ್ ಶಿಲೆಯಲ್ಲಿಯೂ ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಮುಂತಾದ ಖನಿಜಗಳಿರುತ್ತವೆ. ಇವೆಲ್ಲವೂ ಫ್ಲೋರಿನ್ ಅನ್ನು ಒಡಲಲ್ಲಿ ಇಟ್ಟುಕೊಂಡವು.

ಮಳೆನೀರು ಮಣ್ಣಿನೊಳಗಿಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು, ಖನಿಜಗಳೊಡನೆ ವರ್ತಿಸಿ ಬೈಕಾರ್ಬನೇಟ್ ಲವಣಗಳನ್ನು ಪಡೆಯುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಬಯಲುಸೀಮೆಯಲ್ಲಿ ನೀರಿನ ಕ್ಯಾಲ್ಸಿಯಂ ಸುಣ್ಣದ ಹರಳುಗಳಾಗಿ ಮಣ್ಣಿನಲ್ಲೇ ಉಳಿಯುತ್ತದೆ, ಸೋಡಿಯಂ ಮಾತ್ರ ನೀರಿನಲ್ಲಿ ಹೆಚ್ಚುತ್ತದೆ. ಕ್ಯಾಲ್ಸಿಯಂ ಸಾಕಷ್ಟು ಇದ್ದಿದ್ದರೆ ಅದು ಫ್ಲೋರೈಡಿನೊಡನೆ ಕೂಡಿ, ಸುಲಭವಾಗಿ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳ ಸೇರುತ್ತಿತ್ತು. ಕ್ಯಾಲ್ಸಿಯಂ ಇಲ್ಲದೆಡೆ ಫ್ಲೋರೈಡ್ ನೀರಿನಲ್ಲಿಯೇ ಉಳಿಯುತ್ತದೆ.

ಇದರಿಂದ ಒಂದು ವಿಚಿತ್ರ ಉಂಟಾಗುತ್ತದೆ. ಬೇಳೆ ಬೇಗ ಬೆಂದರೆ, ಸೋಪಿನ ನೊರೆ ಚೆನ್ನಾಗಿ ಬಂದರೆ ನೀರು ಒಳ್ಳೆಯದು ಎಂಬುದು ಅಡುಗೆಮನೆಯ ಹಳೆಯ ಪರೀಕ್ಷೆ. ಗಡಸುತನವನ್ನು ತಿಳಿಯಲು ಅದು ಸರಿಯಾದ ಪರೀಕ್ಷೆಯೇ. ಫ್ಲೋರೈಡಿನ ವಿಷಯದಲ್ಲಿ ಮಾತ್ರ ಅದು ದಾರಿ ತಪ್ಪಿಸಬಹುದು. ಬೇಳೆ ಬೇಯಿಸುವ ಮೆದು ನೀರೇ ಕ್ಯಾಲ್ಸಿಯಂ ಕಡಿಮೆಯಿರುವ ನೀರು, ಫ್ಲೋರೈಡನ್ನು ಹೆಚ್ಚು ಹಿಡಿದಿಡಬಲ್ಲ ನೀರೂ ಅದೇ.

ಬಂಡೆಯ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿರಬೇಕೆಂಬ ನಿಯಮವಿಲ್ಲ. ಆದ್ದರಿಂದ ಶಾಲೆಯ ಅಂಗಳದ ಕೊಳವೆಬಾವಿಯಲ್ಲಿ ಮಿತಿ ಮೀರಿದ ಫ್ಲೋರೈಡ್ ಇದ್ದು, ರಸ್ತೆಯಾಚೆಯ ಕೊಳವೆಬಾವಿಯ ನೀರು ಕುಡಿಯಲು ಯೋಗ್ಯವಾಗಿರುವುದು ಸಾಧ್ಯ. ಊರಿನ ನೀರು ಪರೀಕ್ಷೆಯಾಗಿದೆ ಎಂಬ ಮಾತಿಗೆ ಅರ್ಥವಿಲ್ಲ, ಯಾವ ಕೊಳವೆಬಾವಿಯದು ಎಂಬುದು ಮುಖ್ಯ.

ಭಾರತದಲ್ಲಿ ಈ ಸಮಸ್ಯೆ ವೈದ್ಯಕೀಯ ದಾಖಲೆಗೆ ಬಂದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೂ ಆಗ ಅದೇ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ಕಾಲದ ಕೆರೆ ಮತ್ತು ತೆರೆದ ಬಾವಿಗಳಲ್ಲಿ ಮೇಲ್ಪದರದ ಮಳೆನೀರಿನ ಪಾಲು ಹೆಚ್ಚು. ಬರದ ವರ್ಷಗಳಲ್ಲಿ ಕೊಳವೆಬಾವಿಗಳು ಆಳಕ್ಕಿಳಿದಂತೆ ಬಂಡೆಯಲ್ಲಿ ಬಹುಕಾಲ ನಿಂತ ನೀರು ಮೇಲೆ ಬರತೊಡಗಿತು.

ಸೀಸದ ದಾರಿ

ಸೀಸ, ಅಂದರೆ ಲೆಡ್, ಕುಡಿಯುವ ನೀರಿಗೆ ಬಂಡೆಯಿಂದ ಬರುವುದು ಅಪರೂಪ. ಅದು ಸೇರುವುದು ಕೊನೆಯ ಕೆಲವು ಮಾರುಗಳಲ್ಲಿ: ಹಿತ್ತಾಳೆಯ ನಲ್ಲಿ, ಬೆಸುಗೆಯ ಜೋಡಣೆ, ಹಳೆಯ ಪಿವಿಸಿ ಕೊಳವೆ. ಹಿತ್ತಾಳೆಯನ್ನು ಸುಲಭವಾಗಿ ಕಡೆಯಲು ಬರಲೆಂದು ಅದಕ್ಕೆ ತುಸು ಸೀಸ ಬೆರೆಸುತ್ತಾರೆ. ಇಂಡಿಯಾ ಮಾರ್ಕ್ 2 ಕೈಪಂಪಿನ ಸಿಲಿಂಡರಿನ ಒಳಕವಚವೂ ಹಿತ್ತಾಳೆಯದೇ. ಪಿವಿಸಿ ತಯಾರಿಕೆಯಲ್ಲಿ ಪ್ಲಾಸ್ಟಿಕ್ ಬಿಸಿಗೆ ಕೆಡದಂತೆ ಸೀಸದ ಸಂಯುಕ್ತಗಳನ್ನು ಸೇರಿಸುವ ಪದ್ಧತಿ ಭಾರತದಲ್ಲಿ ಬಹುಕಾಲ ಇತ್ತು. ಅದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನಿಯಮಗಳನ್ನೇ ಹೊರಡಿಸಬೇಕಾಯಿತು. ಅದಕ್ಕೂ ಮೊದಲು ಹಾಕಿದ ಕೊಳವೆಗಳು ಶಾಲೆಗಳ ಗೋಡೆಗಳಲ್ಲಿ ಇನ್ನೂ ಇವೆ.

ಆದ್ದರಿಂದ ಸೀಸವು ನಲ್ಲಿಯಿಂದ ನಲ್ಲಿಗೆ ಬದಲಾಗುತ್ತದೆ. ಒಂದೇ ತೊಟ್ಟಿಯಿಂದ ನೀರು ಪಡೆಯುವ ನಾಲ್ಕು ನಲ್ಲಿಗಳಲ್ಲಿ ಒಂದರಲ್ಲಿ ಮಾತ್ರ ಸೀಸ ಕಾಣಿಸಬಹುದು. ನೀರು ಕೊಳವೆಯಲ್ಲಿ ನಿಂತಷ್ಟೂ ಅದು ಹೆಚ್ಚುತ್ತದೆ. ಭಾನುವಾರದ ರಜೆಯ ನಂತರ ಸೋಮವಾರ ಬೆಳಿಗ್ಗೆ ಮೊದಲು ಬರುವ ನೀರಿನಲ್ಲಿ ಅತಿ ಹೆಚ್ಚು, ಹತ್ತು ಮಕ್ಕಳು ಕುಡಿದ ಮೇಲೆ ಬರುವ ನೀರಿನಲ್ಲಿ ಕಡಿಮೆ. ಫ್ಲೋರೈಡ್ ಹಾಗಲ್ಲ. ನಲ್ಲಿಯನ್ನು ಅರ್ಧ ಗಂಟೆ ಬಿಟ್ಟರೂ ಅದರ ಅಂಕಿ ಕದಲುವುದಿಲ್ಲ.

ಎಷ್ಟಿದ್ದರೆ ಹೆಚ್ಚು

ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡಿನ ಸ್ವೀಕಾರಾರ್ಹ ಮಿತಿ 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ವಿನಾಯಿತಿ ಇದೆ. ಸೀಸದ ಮಿತಿ 0.01 ಮಿಲಿಗ್ರಾಂ, ಅದಕ್ಕೆ ವಿನಾಯಿತಿ ಇಲ್ಲ. ಅಂದರೆ ಸೀಸದ ಮಿತಿ ಫ್ಲೋರೈಡಿನ ಮಿತಿಯ ನೂರನೇ ಒಂದು ಭಾಗ. ಪರೀಕ್ಷೆಯ ಸಾಧನಗಳು ಬೇರೆ ಬೇರೆಯಾಗಿರುವುದಕ್ಕೆ ಈ ಅಂತರವೂ ಒಂದು ಕಾರಣ.

1.5ರ ಮಿತಿಯನ್ನು ಬಯಲುಸೀಮೆಯಲ್ಲಿ ಉದಾರವಾಗಿ ಓದಬಾರದು. ದೇಹಕ್ಕೆ ಸೇರುವುದು ನೀರಿನ ಸಾಂದ್ರತೆಯಲ್ಲ, ಕುಡಿದ ಒಟ್ಟು ಪ್ರಮಾಣ. ಏಪ್ರಿಲ್ ಬಿಸಿಲಿನಲ್ಲಿ ಆಡಿ ಬರುವ ಹುಡುಗನು ತಂಪು ದೇಶದ ಹುಡುಗನಿಗಿಂತ ಹೆಚ್ಚು ನೀರು ಕುಡಿಯುತ್ತಾನೆ. ಬಿಸಿಯೂಟದ ಅನ್ನ, ಸಾರು ಬೇಯುವುದೂ ಅದೇ ನೀರಿನಲ್ಲಿ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಮತ್ತು ಸೀಸ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅವುಗಳ ಸಾಂದ್ರತೆ ತುಸು ಏರುತ್ತದೆ.

ಹಲ್ಲಿನ ಸಾಕ್ಷ್ಯ

ಫ್ಲೋರೈಡಿನ ಮೊದಲ ಗುರುತು ಹಲ್ಲಿನ ಮೇಲೆ ಮೂಡುತ್ತದೆ. ಮೊದಲು ಸುಣ್ಣದ ಗೆರೆಯಂತೆ ಕಾಣುವ ಬಿಳಿ ಅಡ್ಡಪಟ್ಟೆಗಳು, ಹೆಚ್ಚಾದಂತೆ ಹಳದಿ, ಕಂದು ಕಲೆಗಳು, ಕೊನೆಗೆ ಎನಾಮೆಲ್ ಮೇಲೆ ಸಣ್ಣ ಗುಳಿಗಳು. ಕಲೆಗಳು ಹಲ್ಲಿನ ಅಂಚಿಗೆ ಸಮಾನಾಂತರವಾಗಿ, ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ತೆರನಾಗಿ ಇರುತ್ತವೆ. ಹುಳುಕಿನಿಂದಲೋ ಎಲೆಅಡಿಕೆಯಿಂದಲೋ ಬಂದ ಕಲೆಯಿಂದ ಇದನ್ನು ಬೇರ್ಪಡಿಸುವ ಲಕ್ಷಣ ಇದು. ಉಜ್ಜಿದರೆ ಹೋಗುವುದಿಲ್ಲ, ಏಕೆಂದರೆ ಕಲೆ ಮೇಲೆ ಕುಳಿತದ್ದಲ್ಲ, ಎನಾಮೆಲ್ ರೂಪುಗೊಳ್ಳುವಾಗಲೇ ಒಳಗೆ ಸೇರಿಕೊಂಡದ್ದು. ಅಮೆರಿಕದ ದಂತವೈದ್ಯ ಟ್ರೆಂಡ್ಲಿ ಡೀನ್ 1930ರ ದಶಕದಲ್ಲಿ ರೂಪಿಸಿದ ಶ್ರೇಣಿಯಿಂದ ಇಂಥ ಕಲೆಗಳ ತೀವ್ರತೆಯನ್ನು ಇಂದಿಗೂ ಅಳೆಯುತ್ತಾರೆ. ದೀರ್ಘಕಾಲ ಹೆಚ್ಚು ಫ್ಲೋರೈಡ್ ಸೇವಿಸಿದವರಲ್ಲಿ ಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ, ಕುತ್ತಿಗೆ ಮತ್ತು ಬೆನ್ನು ಬಗ್ಗಿಸಲಾಗದ ಸ್ಥಿತಿಯೂ ಬರಬಹುದು.

ಇಲ್ಲಿ ಹಲವರು ಗಮನಿಸದ ಸಂಗತಿಯೊಂದಿದೆ. ಶಾಶ್ವತ ಮುಂಭಾಗದ ಹಲ್ಲುಗಳ ಎನಾಮೆಲ್ ಮಗುವಿನ ಮೊದಲ ನಾಲ್ಕೈದು ವರ್ಷಗಳಲ್ಲಿ ಒಸಡಿನೊಳಗೇ ರೂಪುಗೊಳ್ಳುತ್ತದೆ, ಹಿಂದಿನ ಹಲ್ಲುಗಳದ್ದು ಸುಮಾರು ಎಂಟನೇ ವರ್ಷದವರೆಗೆ ಮುಂದುವರಿಯುತ್ತದೆ. ಏಳನೇ ತರಗತಿಯ ಬಾಲಕಿಯ ಮುಂಭಾಗದ ಹಲ್ಲಿನ ಕಲೆ ಅವಳ ಈಗಿನ ಶಾಲೆಯ ನೀರನ್ನು ಕುರಿತದ್ದಲ್ಲ. ಅದು ಮನೆಯಲ್ಲಿ, ಅಂಗನವಾಡಿಯಲ್ಲಿ ಅವಳು ಎಂಟು ಹತ್ತು ವರ್ಷದ ಹಿಂದೆ ಕುಡಿದ ನೀರಿನ ದಾಖಲೆ. ಶಾಲೆಯ ನಲ್ಲಿಯನ್ನು ಪರೀಕ್ಷಿಸಿ ಫಲಿತಾಂಶ ಒಳ್ಳೆಯದು ಬಂತೆಂದು ಹಲ್ಲಿನ ಕಲೆಗೆ ಬೇರೆ ಕಾರಣ ಹುಡುಕುವುದು ತಪ್ಪು. ಫ್ಲೋರೈಡಿನ ವಿಷಯದಲ್ಲಿ ಪ್ರೌಢಶಾಲೆಗಿಂತ ಅಂಗನವಾಡಿಯ ಬಾಟಲಿಗೆ ಮೊದಲ ಸ್ಥಾನ ಸಲ್ಲಬೇಕು.

ಸೀಸ ಇಂಥ ಗುರುತನ್ನು ಬಿಡುವುದಿಲ್ಲ. ಅದು ಬೆಳೆಯುವ ಮೆದುಳಿಗೆ ಹಾನಿ ಮಾಡುತ್ತದೆ, ಕಲಿಕೆಯ ಶಕ್ತಿಯನ್ನೂ ಏಕಾಗ್ರತೆಯನ್ನೂ ಕುಂದಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೊಟ್ಟೆ ಸೇರಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿರುವ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಪಾಠದಲ್ಲಿ ಹಿಂದುಳಿದ ಮಗುವನ್ನು ಕಂಡು ನಲ್ಲಿಯ ಮೇಲೆ ಸಂಶಯಪಡುವವರು ಯಾರೂ ಇಲ್ಲ. ಆದ್ದರಿಂದಲೇ ಸೀಸಕ್ಕೆ ಪರೀಕ್ಷೆಯೊಂದೇ ದಾರಿ.

ಮೂರು ಬಾಟಲಿ, ಮೂರು ವಿಧಿ

ಒಂದೇ ನಲ್ಲಿಯಿಂದ ಮೂರು ಬಗೆಯ ಮಾದರಿ ತೆಗೆಯಬೇಕಾದಾಗ ಪ್ರತಿಯೊಂದರ ವಿಧಿ ಇನ್ನೊಂದಕ್ಕೆ ವಿರುದ್ಧವಾಗಿರುತ್ತದೆ.

ಫ್ಲೋರೈಡ್ ಗಾಜಿನೊಡನೆ ವರ್ತಿಸುವುದರಿಂದ ಅದಕ್ಕೆ ಪ್ಲಾಸ್ಟಿಕ್ ಬಾಟಲಿ ಬೇಕು. ಪಂಪನ್ನು ಕೆಲವು ನಿಮಿಷ ಓಡಿಸಿ, ಕೊಳವೆಯಲ್ಲಿ ನಿಂತ ನೀರನ್ನು ಹೊರಹಾಕಿ, ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು ತುಂಬಬೇಕು. ರಾಸಾಯನಿಕ ಬೆರೆಸಬೇಕಾಗಿಲ್ಲ. 28 ದಿನಗಳವರೆಗೆ ಈ ಮಾದರಿ ಕೆಡುವುದಿಲ್ಲ.

ಸೀಸಕ್ಕೆ ನಲ್ಲಿಯನ್ನು ಮೊದಲು ಬಿಡಲೇಬಾರದು. ರಾತ್ರಿಯಿಡೀ, ಕನಿಷ್ಠ ಎಂಟು ಗಂಟೆ ಯಾರೂ ಮುಟ್ಟದ ನಲ್ಲಿಯಿಂದ, ಬೆಳಿಗ್ಗೆ ಮಕ್ಕಳು ಬರುವ ಮೊದಲೇ, ಮೊದಲ 250 ಮಿಲಿಲೀಟರ್ ನೀರನ್ನು ಒಂದು ಹನಿಯೂ ಚೆಲ್ಲದೆ ಹಿಡಿಯಬೇಕು. ಬಾಟಲಿಯನ್ನು ಪ್ರಯೋಗಾಲಯದವರೇ ಆಮ್ಲದಿಂದ ತೊಳೆದು ಕೊಟ್ಟಿರುತ್ತಾರೆ. ಅದನ್ನು ನಲ್ಲಿಯ ನೀರಿನಿಂದ ಮತ್ತೆ ತೊಳೆಯಬಾರದು. ಬಳಿಕ ನಲ್ಲಿಯನ್ನು ಅರ್ಧ ನಿಮಿಷ ಬಿಟ್ಟು ಎರಡನೆಯ ಬಾಟಲಿ ತುಂಬುತ್ತಾರೆ. ಮೊದಲನೆಯದರಲ್ಲಿ ಮಾತ್ರ ಸೀಸವಿದ್ದರೆ ತಪ್ಪು ನಲ್ಲಿಯದು, ಎರಡರಲ್ಲಿಯೂ ಇದ್ದರೆ ಅದರ ಹಿಂದಿನ ಕೊಳವೆಯದು. ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳದಂತೆ ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ ಅನ್ನು 2ಕ್ಕಿಂತ ಕೆಳಗಿಳಿಸುತ್ತಾರೆ. ಇದು ಶಾಲೆಯಲ್ಲಿ ಮಾಡುವ ಕೆಲಸವಲ್ಲ, ಪ್ರಯೋಗಾಲಯದ ಸಿಬ್ಬಂದಿಯದು.

ರೋಗಾಣು ಪರೀಕ್ಷೆಯ ಬಾಟಲಿ ನಂಜು ಕಳೆದದ್ದು. ಒಳಗೆ ಕ್ಲೋರಿನ್ ಅನ್ನು ನಿಷ್ಕ್ರಿಯಗೊಳಿಸುವ ಸೋಡಿಯಂ ಥಯೋಸಲ್ಫೇಟ್ ಇರುತ್ತದೆ. ಲೋಹದ ನಲ್ಲಿಯಾದರೆ ಬಾಯಿಯನ್ನು ಬೆಂಕಿಯಿಂದ ಕಾಯಿಸಿ, ನೀರು ಬಿಟ್ಟು, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗದಂತೆ ತುಂಬಿ, ಮೇಲೆ ತುಸು ಜಾಗ ಬಿಟ್ಟು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಜನರು ಪ್ರಾಣ ಕಳೆದುಕೊಂಡರು. ಈ ಬಗೆಯ ಮಾಲಿನ್ಯ ದಿನಗಳಲ್ಲಿ ಕೊಲ್ಲುತ್ತದೆ, ಫ್ಲೋರೈಡ್ ದಶಕಗಳಲ್ಲಿ ಕುಗ್ಗಿಸುತ್ತದೆ. ಒಂದರ ವರದಿಯನ್ನು ತೋರಿಸಿ ಇನ್ನೊಂದೂ ಸರಿಯಿದೆ ಎನ್ನುವಂತಿಲ್ಲ.

ಬಾಟಲಿಯ ಚೀಟಿಯ ಮೇಲೆ ಶಾಲೆಯ ಹೆಸರು, ದಿನಾಂಕ, ಗಂಟೆ ಬರೆಯುವುದು ರೂಢಿ. ಈ ಭಾಗದಲ್ಲಿ ಇನ್ನೊಂದು ಸಾಲು ಅಗತ್ಯ: ಆ ದಿನ ತೊಟ್ಟಿಯಲ್ಲಿದ್ದದ್ದು ಯಾವ ನೀರು. ಪಾವಗಡ, ಮೊಳಕಾಲ್ಮುರು, ಚಳ್ಳಕೆರೆಗಳ ಜೊತೆಗೆ ಕೂಡ್ಲಿಗಿಗೂ ತುಂಗಭದ್ರಾ ಹಿನ್ನೀರನ್ನು ಒದಗಿಸಲು ಬಹುಗ್ರಾಮ ಕುಡಿಯುವ ನೀರಿನ ಯೋಜನೆ ರೂಪುಗೊಂಡಿದೆ. ನದಿಯ ನೀರಿನಲ್ಲಿ ಫ್ಲೋರೈಡ್ ಕಡಿಮೆ. ಹೊಳೆನೀರು ಬಾರದ ದಿನ ನೀರುಗಂಟಿ ಕೊಳವೆಬಾವಿಯ ವಾಲ್ವ್ ತಿರುಗಿಸಿದರೆ ಅದೇ ನಲ್ಲಿಯಲ್ಲಿ ಬೇರೆಯೇ ನೀರು. ಹೊಳೆನೀರಿನ ದಿನ ತುಂಬಿದ ಬಾಟಲಿ ಕೊಳವೆಬಾವಿಯ ದಿನದ ಬಗ್ಗೆ ಏನನ್ನೂ ಹೇಳದು. ನಿಜ ತಿಳಿಯಬೇಕಾದವರು ನೀರುಗಂಟಿಯನ್ನು ಕೇಳಿ ಬಾಟಲಿ ತುಂಬಬೇಕು.

ಅಳೆಯುವ ಬಗೆ

ಫ್ಲೋರೈಡನ್ನು ಹಳ್ಳಿಯಲ್ಲೇ ಅಳೆಯಲು ಕ್ಷೇತ್ರ ಪರೀಕ್ಷಾ ಕಿಟ್ ಇದೆ. ಗೆರೆಯವರೆಗೆ ನೀರು ತುಂಬಿದ ಸಣ್ಣ ನಳಿಕೆಗೆ ಜಿರ್ಕೋನಿಯಂ ಮತ್ತು ಬಣ್ಣ ಕೂಡಿದ ದ್ರಾವಣದ ಹನಿಗಳನ್ನು ಹಾಕುತ್ತಾರೆ. ಫ್ಲೋರೈಡ್ ಇಲ್ಲದಿದ್ದರೆ ಬಣ್ಣ ಗುಲಾಬಿಯಾಗಿಯೇ ಉಳಿಯುತ್ತದೆ. ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಂ ಅನ್ನು ತನ್ನೆಡೆಗೆ ಸೆಳೆದುಕೊಂಡು ಬಣ್ಣವನ್ನು ಬಿಡಿಸುತ್ತದೆ, ದ್ರಾವಣ ಹಳದಿಯ ಕಡೆಗೆ ತಿರುಗುತ್ತದೆ. ನಳಿಕೆಯನ್ನು ಬಣ್ಣದ ಪಟ್ಟಿಯ ಪಕ್ಕದಲ್ಲಿಟ್ಟು ಯಾವ ಚೌಕಕ್ಕೆ ಹೊಂದುತ್ತದೆಂದು ನೋಡುತ್ತಾರೆ. ಇದನ್ನು ಬಾಗಿಲ ಬಳಿ, ನೆರಳಿನಲ್ಲಿ, ಹಗಲು ಬೆಳಕಿನಲ್ಲಿ ನೋಡಬೇಕು. ಅವಧಿ ಮುಗಿದ ದ್ರಾವಣ ಸುಳ್ಳು ಹೇಳುತ್ತದೆ. ಕಿಟ್‌ನ ಕೆಲಸ ಸಂಶಯವನ್ನು ಎತ್ತುವುದು, ತೀರ್ಪು ಕೊಡುವುದಲ್ಲ. 1ಕ್ಕೂ 1.5ಕ್ಕೂ ನಡುವಿನ ವ್ಯತ್ಯಾಸವನ್ನು ಕಣ್ಣಿನಿಂದ ಖಚಿತವಾಗಿ ಹೇಳುವುದು ಕಷ್ಟ.

ಖಚಿತ ಅಂಕಿಗೆ ಪ್ರಯೋಗಾಲಯ ಬೇಕು. ಸ್ಪ್ಯಾಡ್ನ್ಸ್ ವಿಧಾನದಲ್ಲಿಯೂ ಇದೇ ಬಣ್ಣ ಮಾಸುವ ತತ್ತ್ವವಿದೆ, ಆದರೆ ಬಣ್ಣವನ್ನು ನೋಡುವುದು ಸ್ಪೆಕ್ಟ್ರೋಫೋಟೋಮೀಟರ್, 570 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ. ಅಲ್ಯೂಮಿನಿಯಂ, ಫಾಸ್ಫೇಟ್, ಹೆಚ್ಚಿನ ಕ್ಷಾರೀಯತೆಗಳು ಈ ಅಂಕಿಯನ್ನು ಕೆಡಿಸಬಲ್ಲವು. ಒಂದೇ ಅಯಾನನ್ನು ಆಯ್ದು ಗುರುತಿಸುವ ವಿದ್ಯುದ್ವಾರದ ವಿಧಾನ ಇನ್ನೂ ಭರವಸೆಯದು. ಫ್ರಾಂಟ್ ಮತ್ತು ರಾಸ್ ಎಂಬ ವಿಜ್ಞಾನಿಗಳು 1966ರಲ್ಲಿ ಪ್ರಕಟಿಸಿದ ಈ ಸಾಧನದ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡಿನ ಹರಳಿದ್ದು, ಫ್ಲೋರೈಡ್ ಅಯಾನು ಮಾತ್ರ ಅದರ ಮೂಲಕ ಚಲಿಸಬಲ್ಲದು. ಉಂಟಾಗುವ ವಿದ್ಯುತ್ ವಿಭವದಿಂದ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ.

ಸೀಸವನ್ನು ಫ್ಲೋರೈಡಿನ ಮಿತಿಯ ನೂರನೇ ಒಂದು ಭಾಗದ ಮಟ್ಟದಲ್ಲಿ ಅಳೆಯಬೇಕಾದ್ದರಿಂದ ಸಾಮಾನ್ಯ ಕಿಟ್‌ಗಳಲ್ಲಿ ಅದರ ಪರೀಕ್ಷೆಯೇ ಇರುವುದಿಲ್ಲ. ಗ್ರಾಫೈಟ್ ಕುಲುಮೆಯ ಪರಮಾಣು ಹೀರಿಕೆ ರೋಹಿತಮಾಪಕ ಅಥವಾ ಐಸಿಪಿ ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು.

ಟಿಡಿಎಸ್ ಮೀಟರಿನ ಬಗ್ಗೆ ಒಂದು ಮಾತು. ಫಿಲ್ಟರ್ ಮಾರುವವರು ನೀರಿಗೆ ಪೆನ್ನಿನಂಥ ಈ ಸಾಧನವನ್ನು ಅದ್ದಿ ಅಂಕಿ ತೋರಿಸುತ್ತಾರೆ, ನೋಡಿದವರು ಮರುಳಾಗುತ್ತಾರೆ. ಅದು ಅಳೆಯುವುದು ವಿದ್ಯುತ್ ವಾಹಕತೆಯಿಂದ ಅಂದಾಜಿಸಿದ ಒಟ್ಟು ಲವಣಾಂಶವನ್ನು. 600 ಮಿಲಿಗ್ರಾಂ ಲವಣಗಳ ನಡುವೆ 2 ಮಿಲಿಗ್ರಾಂ ಫ್ಲೋರೈಡ್ ಇದೆಯೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು, ಸೀಸವಂತೂ ಅದರ ಲೆಕ್ಕಕ್ಕೇ ಬಾರದು.

ಯಾರು, ಯಾವಾಗ

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಕೆಯ ತರಬೇತಿ ನೀಡುವ ವ್ಯವಸ್ಥೆ ಮಾಡಿತು. ಕರ್ನಾಟಕದಲ್ಲಿ ಈ ಮಿಷನ್ ಮನೆ ಮನೆಗೆ ಗಂಗೆ ಎಂದು ಪರಿಚಿತ. 2020ರ ಅಕ್ಟೋಬರ್ 2ರಂದು ಶಾಲೆ ಮತ್ತು ಅಂಗನವಾಡಿಗಳಿಗೆ ನಲ್ಲಿ ನೀರು ಒದಗಿಸುವ 100 ದಿನಗಳ ಅಭಿಯಾನ ಆರಂಭವಾಯಿತು. ನೀರಿನ ಮೂಲಗಳ ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ರೋಗಾಣು ಪರೀಕ್ಷೆ ಮಳೆಗಾಲದ ಮೊದಲು ಮತ್ತು ನಂತರ ಎಂದು ಎರಡು ಬಾರಿ ಆಗಬೇಕು. ಅಂತರ್ಜಲ ಇಳಿದಿರುವ ಬೇಸಿಗೆಯ ಕೊನೆ ಮತ್ತು ಮಳೆನೀರು ಇಂಗಿದ ಮೇಲಿನ ತಿಂಗಳುಗಳು ಫ್ಲೋರೈಡಿಗೂ ಬೇರೆ ಬೇರೆ ಅಂಕಿ ಕೊಡುವುದುಂಟು. ವರ್ಷಕ್ಕೆ ಒಂದೇ ಬಾಟಲಿ ಎಂದಾದರೆ ಅದನ್ನು ಬೇಸಿಗೆಯಲ್ಲಿ ತುಂಬುವುದು ಲೇಸು.

ಫಲಿತಾಂಶ ಬಂದ ಮೇಲೆ

ಸೀಸ ಕಂಡರೆ ಪರಿಹಾರ ಹೋಲಿಕೆಯಲ್ಲಿ ಸುಲಭ. ಆ ನಲ್ಲಿಯನ್ನು ಮುಚ್ಚಿ, ಅದನ್ನೋ ಅದರ ಹಿಂದಿನ ಕೊಳವೆಯನ್ನೋ ಬದಲಿಸಿ, ಮತ್ತೊಮ್ಮೆ ಪರೀಕ್ಷಿಸಿದರಾಯಿತು. ಅಲ್ಲಿಯವರೆಗೆ ಉಳಿದ ನಲ್ಲಿಗಳ ಬೆಳಗಿನ ಮೊದಲ ನೀರನ್ನು ಗಿಡಗಳಿಗೆ ಬಿಡಬೇಕು.

ಫ್ಲೋರೈಡಿಗೆ ಮೂಲವನ್ನೇ ಬದಲಿಸುವುದು ಮೊದಲ ಪರಿಹಾರ. ಅದು ಹೊಳೆನೀರಾಗಬಹುದು, ಮಳೆನೀರೂ ಆಗಬಹುದು. 2006ರ ಸುಮಾರಿಗೆ ಕರ್ನಾಟಕ ಸರ್ಕಾರ ಸುವರ್ಣ ಜಲ ಯೋಜನೆಯಡಿ ಗ್ರಾಮೀಣ ಶಾಲೆಗಳ ಚಾವಣಿಯಿಂದ ಮಳೆನೀರು ಸಂಗ್ರಹಿಸುವ ತೊಟ್ಟಿಗಳನ್ನು ಕಟ್ಟಿಸಲು ಮುಂದಾಯಿತು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಇಂಥ ಲವಣರಹಿತ ನೀರು ಹಿತ್ತಾಳೆಯನ್ನು ಹೆಚ್ಚು ಕೊರೆಯುವುದರಿಂದ ತೊಟ್ಟಿಯ ನಲ್ಲಿ ಸೀಸವಿಲ್ಲದ್ದಾಗಿರಬೇಕು.

ಸಂಸ್ಕರಣೆಯ ವಿಧಾನಗಳಲ್ಲಿ ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ತಂತ್ರ ಹಳೆಯದು. ಸುಣ್ಣ ಮತ್ತು ಪಟಿಕ ಬೆರೆಸಿ ಕಲಕಿ, ಗಸಿಯೊಡನೆ ಫ್ಲೋರೈಡನ್ನು ತಳಕ್ಕಿಳಿಸುವುದು ಅದರ ಕ್ರಮ. ಅಗ್ಗದ್ದಾದರೂ ದಿನವೂ ಅಳತೆ ತಪ್ಪದೆ ಮಾಡುವವರು ಬೇಕು. ಸಕ್ರಿಯ ಅಲ್ಯೂಮಿನಾ ಫಿಲ್ಟರ್ ಫ್ಲೋರೈಡನ್ನು ಹೀರುತ್ತದೆ, ಆದರೆ ತುಂಬಿದ ಮೇಲೆ ಅದನ್ನು ಮತ್ತೆ ಸಕ್ರಿಯಗೊಳಿಸಬೇಕು. ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಎಂದು ನಿಂತಿರುವ ಆರ್‌ಒ ಯಂತ್ರ ಫ್ಲೋರೈಡ್, ಸೀಸ ಎರಡನ್ನೂ ತೆಗೆಯುತ್ತದೆ. ಅದರ ಪೊರೆ ಸವೆದಾಗ ನೀರು ಬರುವುದು ನಿಲ್ಲುವುದಿಲ್ಲ, ಶುದ್ಧವಾಗುವುದು ಮಾತ್ರ ನಿಲ್ಲುತ್ತದೆ. ಹಾಗಾಗಿ ಯಂತ್ರದ ಮೊದಲಿನ ನೀರಿನ ಜೊತೆಗೆ ಕ್ಯಾನು ತುಂಬುವ ನೀರನ್ನೂ ಪರೀಕ್ಷಿಸಬೇಕು. ಯಂತ್ರ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ತೆಗೆದ ಫ್ಲೋರೈಡ್ ಎಲ್ಲವೂ ಸಾಂದ್ರವಾಗಿರುತ್ತದೆ. ಅದು ಘಟಕದ ಹಿಂದಿನ ದನದ ತೊಟ್ಟಿಗೆ ಹೋಗುತ್ತಿದ್ದರೆ ದನಗಳ ಹಲ್ಲು ಮತ್ತು ಮೂಳೆಗೂ ಅದೇ ರೋಗ ಬರುತ್ತದೆ, ಬಾವಿಯ ಪಕ್ಕದ ಗುಂಡಿಯಲ್ಲಿ ಇಂಗುತ್ತಿದ್ದರೆ ಮತ್ತೆ ಅಂತರ್ಜಲ ಸೇರುತ್ತದೆ. ಶೌಚಾಲಯಕ್ಕೆ ಮತ್ತು ನೆಲ ತೊಳೆಯಲು ಅದನ್ನು ಬಳಸುವುದಕ್ಕೆ ಅಡ್ಡಿಯಿಲ್ಲ.